ಹತ್ತು ಹೆಜ್ಜೆಯ ಇಂಟರ್‌ನೆಟ್

ಮಾವನ ಫೋನಿಗೆ ಇಂಟರ್‌ನೆಟ್ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿದು ಎಂಜಲು ತಟ್ಟೆಗಳಿನ್ನೂ ಮೇಜಿನ ಮೇಲೇ ಒಣಗುತ್ತಿದ್ದಾಗ. ಅದನ್ನು ತಂದುಕೊಟ್ಟವಳು ಹನ್ನೊಂದು ವರ್ಷದ ಮೊಮ್ಮಗಳು.

ಅವರ ಮನೆ ನೆಲಮಹಡಿಯಲ್ಲಿ, ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡಂತಿತ್ತು. ಒಳಗೆ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಯಾರಿಗಾದರೂ ಫೋನ್ ಮಾಡಬೇಕೆಂದರೆ ಗೇಟಿನವರೆಗೆ ಹೋಗಿ ನಿಲ್ಲಬೇಕು. ಮನೆಗೆ ಇಂಟರ್‌ನೆಟ್ ಅಂತ ಬರುತ್ತಿದ್ದುದು ಒಂದೇ ಒಂದು ವೈರಿನಲ್ಲಿ. ಅದು ಕಿಟಕಿಯ ಸಂದಿಯಿಂದ ಒಳಗೆ ಬಂದು, ಗೋಡೆಯಂಚಿನಲ್ಲೇ ಸಾಗಿ, ಮುಂದಿನ ಕೋಣೆಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಬೆನ್ನಿಗೆ ಸೇರುತ್ತಿತ್ತು.

ಆ ಮೂಲೆ ಸೊಸೆಯದು. ಆಸ್ಪತ್ರೆಯ ಡಾಕ್ಟರುಗಳು ಯಂತ್ರದಲ್ಲಿ ಹೇಳಿಟ್ಟ ಮಾತನ್ನು ಕೇಳಿ, ರೋಗಿಗಳ ವರದಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಕಿವಿಗೆ ಹೆಡ್‌ಫೋನ್, ಕಾಲಡಿಯಲ್ಲಿ ಒಂದು ಪೆಡಲ್. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ನಿಲ್ಲಿಸುತ್ತಾರೆ. ಗಂಡ ಲಿಫ್ಟ್ ಮೆಕ್ಯಾನಿಕ್. ಎಲ್ಲಿ ಯಾವ ಲಿಫ್ಟ್ ಕೆಟ್ಟು ನಿಂತರೂ ಓಡಬೇಕು. ಹಾಗಾಗಿ ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ಅವಳು ಮತ್ತು ಮಾವ.

“ತಾತ, ಎರಡೂ ಕಡೆ ಒಂದೇ ನಂಬರ್ ಇದೆಯಾ ಓದಿ ನೋಡು,” ಎಂದಳು ಮೊಮ್ಮಗಳು.

ಮಾವ ಕನ್ನಡಕ ಏರಿಸಿಕೊಂಡು ಫೋನಿನ ಆರು ಅಂಕಿಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಕಂಪ್ಯೂಟರಿನ ಆರನ್ನು ಓದಿದರು. “ಇದೆ. ಈಗ?”

“ಈಗ ಎರಡೂ ಒಂದನ್ನೊಂದು ಗುರುತು ಹಿಡಿದವು. ಕಂಪ್ಯೂಟರ್‌ಗೆ ಬರೋ ಇಂಟರ್‌ನೆಟ್‌ನ ಬ್ಲೂಟೂತ್‌ನಲ್ಲಿ ನಿನ್ನ ಫೋನಿಗೆ ದಾಟಿಸ್ತೀನಿ.”

“ವೈರು ಬೇಡ್ವಾ?”

“ಬೇಡ. ಆದ್ರೆ ದೂರ ಹೋಗೋ ಹಾಗಿಲ್ಲ. ಹತ್ತು ಹೆಜ್ಜೆ, ಅಷ್ಟೇ. ಅಡುಗೆಮನೆ ಗೋಡೆ ದಾಟಿದ್ರೆ ನಿಂತ್ಹೋಗತ್ತೆ.”

ಫೋನ್ ಮಗ ಬಿಟ್ಟಿದ್ದ ಹಳೆಯದು, ಸಿಮ್ ಕೂಡ ಇರಲಿಲ್ಲ. ಮಾತಾಡಲು ಮಾವನ ಬಳಿ ಬೇರೆ ಬಟನ್ ಫೋನ್ ಇತ್ತು. ಮೊಮ್ಮಗಳು ಹಳೆಯ ಫೋನಿನಲ್ಲಿ ಏನೇನೋ ಒತ್ತಿ, ಮತ್ತೆ ಕಂಪ್ಯೂಟರಿಗೆ ತಿರುಗಿ, ಅಮ್ಮನನ್ನು ಕರೆದು ತೋರಿಸಿದಳು. “ಅಮ್ಮ, ಈ ಚೌಕದಲ್ಲಿ ಟಿಕ್ ಇರಲಿ. ಇದನ್ನ ತೆಗೆದ್ರೆ ಫೋನಲ್ಲಿ ಕನೆಕ್ಟ್ ಆಗಿದೆ ಅಂತಾನೇ ತೋರಿಸತ್ತೆ, ಆದ್ರೆ ಏನೂ ಬರಲ್ಲ.”

“ಆಯ್ತು,” ಎಂದಳು ಸೊಸೆ, ತಟ್ಟೆಗಳನ್ನು ಒಟ್ಟು ಮಾಡುತ್ತ.

ಅಂದಿನಿಂದ ಮೊಮ್ಮಗಳ ಹೆಸರು ‘ಟೀಚರಮ್ಮ’ ಆಯಿತು. “ಟೀಚರಮ್ಮ, ಹೋಂವರ್ಕ್ ತೋರಿಸ್ಲಾ?” ಎಂದು ಮಾವ ಸಂಜೆ ಸಂಜೆ ಫೋನ್ ಹಿಡಿದು ಕಾಯುತ್ತಿದ್ದರು.

ಮಾವ ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಮೆಷಿನ್ ಮೇಸ್ತ್ರಿಯಾಗಿದ್ದವರು. ಸಾಲಾಗಿ ಓಡುತ್ತಿದ್ದ ಇನ್ನೂರು ಹೊಲಿಗೆ ಯಂತ್ರಗಳಲ್ಲಿ ಯಾವುದು ನರಳುತ್ತಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರಂತೆ. ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿಯ ಹೆಂಗಸರು ಚೆಲ್ಲಾಪಿಲ್ಲಿಯಾಗಿ, ಅವರವರ ಮನೆಗಳಲ್ಲಿ ಒಂದೊಂದು ಮೆಷಿನ್ ಇಟ್ಟುಕೊಂಡಿದ್ದರು. ಅವರದೇ ಒಂದು ಗುಂಪು ಫೋನಿನಲ್ಲಿತ್ತು, ‘ಸೂಜಿ ದಾರ’ ಅಂತ. ಮೇಸ್ತ್ರಿ ಅಲ್ಲಿಗೆ ಬಂದರೆಂದು ತಿಳಿದದ್ದೇ ತಡ, ಕೆಟ್ಟ ಮೆಷಿನ್‌ಗಳ ಸದ್ದನ್ನೆಲ್ಲ ಹಿಡಿದು ಕಳಿಸತೊಡಗಿದರು.

ಮಾವ ಸೊಸೆಯ ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಫೋನನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿ ಕೇಳುವರು. ಆಮೇಲೆ ಗಂಟಲು ಸರಿ ಮಾಡಿಕೊಂಡು ಫೋನಿಗೆ ಹೇಳುವರು: “ನೋಡಮ್ಮ, ಬಾಬಿನ್ ಕೇಸಲ್ಲಿ ದಾರದ ಚೂರು ಕೂತಿದೆ. ಬಿಚ್ಚು, ಬ್ರಷ್ ಹಾಕು. ಎರಡು ಹನಿ ಎಣ್ಣೆ ಬಿಡು. ಜಾಸ್ತಿ ಬಿಟ್ಟೀಯ, ಬಟ್ಟೆಗೆ ಹತ್ತತ್ತೆ.”

ಅರ್ಧ ಗಂಟೆಯಲ್ಲಿ ಉತ್ತರ ಬರುತ್ತಿತ್ತು, ಮೆಷಿನ್ ಹದವಾಗಿ ಓಡುವ ಸದ್ದು. ಮಾವ ಅದನ್ನು ಸೊಸೆಗೂ ಕೇಳಿಸುತ್ತಿದ್ದರು. ಅವಳು ಹೆಡ್‌ಫೋನಿನ ಒಂದು ಬದಿ ಸರಿಸಿ ಕೇಳಿ, “ಚೆನ್ನಾಗಿ ಓಡ್ತಿದೆ ಮಾವ,” ಎಂದು ನಕ್ಕು ಮತ್ತೆ ಪೆಡಲ್ ಒತ್ತುವಳು.

ಮೊದಲ ವಾರ ಹೀಗೆ ನಡೆಯಿತು. ಎರಡನೆಯ ವಾರದಲ್ಲಿ ಅವಳ ನಗು ತುಟಿಯಿಂದ ಮೇಲೆ ಏರಲಿಲ್ಲ. ವರದಿ ಕಳಿಸಲು ಒತ್ತಿದರೆ ಪರದೆಯ ಮೇಲಿನ ಗೀಟು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಪಕ್ಕದಲ್ಲಿ ಕಟಕಟ, ಚರಚರ. ಡಾಕ್ಟರು ಎಡ ಮಂಡಿ ಎಂದರೋ ಬಲ ಮಂಡಿ ಎಂದರೋ ತಿಳಿಯದೆ ಅವಳು ಒಂದೇ ಮಾತನ್ನು ಐದು ಸಲ ಕೇಳಬೇಕಾಗುತ್ತಿತ್ತು. “ಮಾವ, ಸ್ವಲ್ಪ ಆಚೆ ಕೂತ್ಕೊಳ್ಳಿ,” ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬರುತ್ತಿತ್ತು. ಆದರೆ ಆಚೆ ಕೂತರೆ ಇಂಟರ್‌ನೆಟ್ ಬರುವುದಿಲ್ಲ. ಅತ್ತೆ ತೀರಿಕೊಂಡ ಮೇಲೆ ಆರು ವರ್ಷ ಮಾತೇ ಕಡಿಮೆಯಾಗಿದ್ದ ಮನುಷ್ಯ ಈಗ ಬೆಳಿಗ್ಗೆಯೇ ಗಡ್ಡ ಬೋಳಿಸಿ, ತೊಳೆದ ಅಂಗಿ ಹಾಕಿಕೊಂಡು ಬಂದು ಕೂರುತ್ತಿದ್ದರು. ಅವಳು ಮಾತು ನುಂಗಿಕೊಂಡಳು.

ಒಂದು ಮಂಗಳವಾರ ಕಂಪನಿಯ ಮೇಲ್ವಿಚಾರಕಿ ಕಂಪ್ಯೂಟರಿಗೇ ಕರೆ ಮಾಡಿದಳು.

“ಮೂತ್ರಪಿಂಡಕ್ಕೆ ಎರಡು ಹನಿ ಎಣ್ಣೆ ಬಿಡೋಕೆ ಯಾವ ಡಾಕ್ಟರ್ ಹೇಳಿದ್ರು?”

“ಏನು ಮೇಡಂ?”

“ನಿನ್ನೆ ನೀವು ಕಳಿಸಿದ ವರದಿ. ಓದ್ತೀನಿ ಕೇಳಿ. ‘ರೋಗಿಯ ಬಲ ಮೂತ್ರಪಿಂಡದಲ್ಲಿ ಸಣ್ಣ ಕಲ್ಲು ಇದ್ದು ಎರಡು ಹನಿ ಎಣ್ಣೆ ಬಿಟ್ಟು.’ ಇಲ್ಲಿ ಇಡೀ ಆಫೀಸು ನಗ್ತಾ ಇದೆ. ನನಗೆ ನಗು ಬರ್ತಿಲ್ಲ. ನಿಮ್ಮ ಫೈಲುಗಳೂ ವಾರದಿಂದ ತಡ. ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಪಟ್ಟಿಯಿಂದ ತೆಗೀಬೇಕಾಗತ್ತೆ.”

ಅವಳ ಕಿವಿ ಕಾದುಹೋಯಿತು. ಹದಿಮೂರು ವರ್ಷದಲ್ಲಿ ಅವಳ ವರದಿಯನ್ನು ಯಾರೂ ವಾಪಸ್ ಕಳಿಸಿರಲಿಲ್ಲ. ಪಕ್ಕದಲ್ಲಿ ಮಾವ ಏನೂ ತಿಳಿಯದೆ, “ಬೆಲ್ಟ್ ಸಡಿಲ ಆಗಿದೆ ತಾಯಿ,” ಎಂದು ಯಾರಿಗೋ ಹೇಳುತ್ತಿದ್ದರು.

ಮಾವ ಟೀ ಲೋಟ ಇಡಲು ಅಡುಗೆಮನೆಗೆ ಎದ್ದುಹೋದಾಗ ಅವಳು ಆ ಚೌಕವನ್ನು ತೆರೆದು ಟಿಕ್ ತೆಗೆದಳು. ಒಂದು ಗಂಟೆ ಮಟ್ಟಿಗೆ, ಕೈಯಲ್ಲಿರುವ ಕೆಲಸ ಮುಗಿಯುವವರೆಗೆ ಅಂದುಕೊಂಡಳು.

ಮಾವ ಬಂದು ಕೂತರು. ಫೋನನ್ನು ತಿರುಗಾಮುರುಗಾ ಮಾಡಿ ನೋಡಿದರು. “ಏನಮ್ಮಾ, ಕನೆಕ್ಟ್ ಅಂತ ತೋರಿಸ್ತಿದೆ, ಏನೂ ಬರ್ತಿಲ್ವಲ್ಲ?”

ಅವಳು ಪರದೆಯಿಂದ ಕಣ್ಣು ತೆಗೆಯದೆ, “ಗೊತ್ತಿಲ್ಲ ಮಾವ. ಹಳೇ ಫೋನಲ್ವಾ,” ಎಂದಳು.

ಅಷ್ಟು ಸುಲಭವಾಗಿ ಬಾಯಿಂದ ಬಂತು ಆ ಸುಳ್ಳು. ಮಾವ ಇನ್ನೊಂದಿಷ್ಟು ಹೊತ್ತು ಕೂತು, ಸ್ಟೂಲನ್ನು ಸದ್ದಾಗದಂತೆ ಎತ್ತಿ ಗೋಡೆಗೆ ಸರಿಸಿ ಒಳಗೆ ಹೋದರು. ಆ ಮಧ್ಯಾಹ್ನ ಅವಳು ಹನ್ನೊಂದು ವರದಿ ಮುಗಿಸಿದಳು. ಸಂಜೆ ಟಿಕ್ ಹಾಕಲಿಲ್ಲ. ಮರುದಿನವೂ ಹಾಕಲಿಲ್ಲ.

ಮಾವ ಸುಮ್ಮನಿರುವವರಲ್ಲ. ಕೆಟ್ಟದ್ದನ್ನು ಸರಿ ಮಾಡಿಯೇ ಬದುಕಿದವರು. ಫೋನ್ ಆರಿಸಿ ಹಚ್ಚಿದರು. ಮೃದುವಾದ ಬಟ್ಟೆಯಿಂದ ಒರೆಸಿದರು. ಕಂಪ್ಯೂಟರಿಗೆ ಇನ್ನೂ ಹತ್ತಿರ ಸ್ಟೂಲ್ ಎಳೆದರು. ಮೊಮ್ಮಗಳು ಹೇಳಿಕೊಟ್ಟದ್ದನ್ನು ಹಳೆಯ ಡೈರಿಯಲ್ಲಿ ಒಂದು, ಎರಡು, ಮೂರು ಎಂದು ಬರೆದುಕೊಂಡಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿಟ್ಟು ಒಂದೊಂದೇ ಮಾಡಿದರು. ಮೂರನೆಯ ದಿನ ಚಪ್ಪಲಿ ಮೆಟ್ಟಿಕೊಂಡು ಫೋನ್ ರಿಪೇರಿ ಅಂಗಡಿಗೆ ಹೋಗಿಬಂದರು.

“ಏನಂದ?” ಎಂದು ಕೇಳಿದಳು ಸೊಸೆ.

“ಫೋನಿಗೇನೂ ಆಗಿಲ್ವಂತೆ. ‘ನಿಮಗೆ ಉಪಯೋಗಿಸೋಕೆ ಬರಲ್ಲ ಅಜ್ಜ, ಮನೇಲಿ ಚಿಕ್ಕೋರ ಕೈಲಿ ಕೇಳಿ’ ಅಂದ.” ಮಾವ ನಗಲು ನೋಡಿದರು. “ಇರಬಹುದು. ಬೆಳಿಗ್ಗೆ ಮಾತ್ರೆ ತಗೊಂಡ್ನಾ ಇಲ್ವಾ ಅಂತಾನೂ ಒಂದೊಂದ್ಸಲ ನೆನಪಿರಲ್ಲ ನೋಡು ನನಗೆ.”

ಅವಳು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಅಂದು ಸಂಜೆ ಊಟಕ್ಕೆ ಎಲ್ಲರೂ ಕೂತಿದ್ದರು. ಅನ್ನ, ಬೇಳೆ, ಆಲೂಗಡ್ಡೆ. ಗಂಡ ಅಂದು ಬೆಳಿಗ್ಗೆಯಿಂದ ಒಂಬತ್ತು ಮಹಡಿ ಹತ್ತಿಳಿದು ಬಂದಿದ್ದ, ಕೋಪ ಮೂಗಿನ ತುದಿಯಲ್ಲೇ ಇತ್ತು.

“ಅಪ್ಪ, ಯಾಕೆ ಊಟ ಮಾಡ್ತಿಲ್ಲ?”

“ಹಸಿವಿಲ್ಲ ಕಣೋ.”

“ಫೋನ್ ಕೆಟ್ಟಿದ್ದಕ್ಕೆ ಊಟ ಬಿಡ್ತಾರಾ?”

“ಫೋನ್ ಕೆಟ್ಟಿಲ್ಲ. ನನಗೇ ಬರಲ್ಲ.”

ಗಂಡ ಮಗಳ ಕಡೆ ತಿರುಗಿದ. “ಏಯ್, ಕಂಪ್ಯೂಟರ್‌ನಲ್ಲಿ ನೀನೇನಾದ್ರೂ ಮುಟ್ಟಿದ್ಯಾ? ದಿನಾ ಸಂಜೆ ಅದರ ಮುಂದೇನೇ ಇರ್ತೀಯಲ್ಲ.”

ಮಗಳು ತಲೆ ಎತ್ತಿದಳು. ಅಪ್ಪನನ್ನು ನೋಡಿದಳು, ಆಮೇಲೆ ಅಮ್ಮನನ್ನು ನೋಡಿದಳು. ಸೊಸೆ ಅನ್ನದ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು.

“ಹೂಂ,” ಎಂದಳು ಮಗಳು. “ಏನೋ ಒತ್ತಿದೆ. ಏನು ಅಂತ ನೆನಪಿಲ್ಲ.”

“ಮೂರು ದಿನದಿಂದ ತಾತ ಒದ್ದಾಡ್ತಿದ್ದಾರೆ, ಬಾಯಿಬಿಟ್ಟು ಹೇಳೋಕಾಗಲಿಲ್ವಾ ನಿನಗೆ? ಅಂಗಡಿಗೆ ಹೋಗಿ ಬೈಸಿಕೊಂಡು ಬಂದ್ರು ಅವರು. ಒಂದು ತಿಂಗಳು ಕಂಪ್ಯೂಟರ್ ಹತ್ರ ಹೋಗಬೇಡ. ಕೇಳಿಸ್ತಾ?”

“ಬಿಡೋ, ಮಗು ಅದು,” ಎಂದರು ಮಾವ.

“ಮಗು ಅಂತ ತಲೆ ಮೇಲೆ ಕೂರಿಸ್ಕೊಂಡಿದ್ದಕ್ಕೇ ಹೀಗೆ.”

ಮಗಳು ತಟ್ಟೆಯ ಅನ್ನವನ್ನು ಅಂಚಿಗೆ ಸರಿಸಿದಳು. ಅಳಲಿಲ್ಲ. ಸೊಸೆ ಗಂಡನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಈಗ ಹೇಳಿದರೆ ಇವರ ಕೋಪಕ್ಕೆ ತುಪ್ಪ ಸುರಿದಂತಾಗುತ್ತದೆ, ಊಟವಾಗಲಿ ಅಂದುಕೊಂಡಳು. ಊಟವಾದ ಮೇಲೆ ಗಂಡ ಸುಸ್ತಾಗಿ ಮಲಗಿದ. ನಾಳೆ ಹೇಳೋಣ ಅಂದುಕೊಂಡಳು.

ಮರುದಿನ ಶಾಲೆಯಿಂದ ಬಂದ ಮಗಳು, ಅಮ್ಮ ತೊಳೆದುಕೊಟ್ಟ ತಟ್ಟೆಗಳನ್ನು ಒರೆಸುತ್ತ ನಿಂತಿದ್ದಳು. ಸೊಸೆ ನಲ್ಲಿ ನಿಲ್ಲಿಸಿ ಕೇಳಿದಳು. “ನೀನು ನಿಜವಾಗ್ಲೂ ಏನಾದ್ರೂ ಒತ್ತಿದ್ಯಾ?”

“ಇಲ್ಲ.”

“ಮತ್ತೆ ಯಾಕೆ ಹಾಗಂದೆ?”

ಮಗಳು ತಟ್ಟೆಯ ಅಂಚನ್ನು ಒರೆಸಿದಳು. “ತಾತ ಕೇಳಿದಾಗ ಮೊದಲನೇ ದಿನಾನೇ ನೋಡಿದೆ, ಟಿಕ್ ತೆಗೆದಿತ್ತು. ನನಗೂ ಗೊತ್ತಾಗ್ತಿಲ್ಲ ಅಂದುಬಿಟ್ಟೆ. ನಾನು ತೆಗೆದಿಲ್ಲ. ತಾತನಿಗೆ ಆ ಜಾಗ ಗೊತ್ತಿಲ್ಲ. ಅಪ್ಪ ಕಂಪ್ಯೂಟರ್ ಮುಟ್ಟಲ್ಲ.”

ಸೊಸೆ ನಿಲ್ಲಿಸಿದ್ದ ನಲ್ಲಿಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿದಳು.

“ನಾನೇ ಹಾಕಿಬಿಡೋಣ ಅಂದ್ಕೊಂಡೆ,” ಎಂದಳು ಮಗಳು. “ಆಮೇಲೆ, ನೀನು ಬೇಕು ಅಂತಾನೇ ತೆಗೆದಿರ್ತೀಯ, ಬೈತೀಯೇನೋ ಅನ್ನಿಸ್ತು. ನಿನ್ನೆ ನೀನು ಹೇಳ್ತೀಯ ಅಂತ ಕಾದೆ. ನೀನು ಹೇಳ್ಲಿಲ್ಲ.”

ಇಂಥ ಹೊತ್ತಿನಲ್ಲಿ ತಾಯಿಯಾದವಳು ಮಗಳನ್ನು ಅಪ್ಪಿಕೊಳ್ಳಬೇಕಿತ್ತು, ಇಲ್ಲವೇ ಅತ್ತುಬಿಡಬೇಕಿತ್ತು. ಅವಳು ಎರಡನ್ನೂ ಮಾಡಲಿಲ್ಲ. “ತಾತನಿಗೆ ಹೇಳಬೇಡ,” ಎಂದಳು. “ನಾಳೆ ನಾನೇ ಸರಿ ಮಾಡ್ತೀನಿ.”

“ಆಯ್ತು,” ಎಂದಳು ಮಗಳು. ಒರೆಸಿದ ತಟ್ಟೆಗಳನ್ನು ಜೋಡಿಸಿಟ್ಟು ಹೊರಗೆ ಹೋದಳು. ತನಗಿಂತ ಆ ಹುಡುಗಿ ದೊಡ್ಡವಳಾಗಿ ಕಂಡಳು ಅವಳಿಗೆ.

ಅವಳು ಟಿಕ್ ಹಾಕಿದ್ದೇನೋ ಹೌದು. ಆದರೆ ಅಷ್ಟರಲ್ಲಿ ಮಾವ ಫೋನನ್ನು ಡೈರಿಯ ಜೊತೆ ಬೀರುವಿನಲ್ಲಿಟ್ಟು ಬಾಗಿಲು ಹಾಕಿಬಿಟ್ಟಿದ್ದರು. “ಈಗೊಂದ್ಸಲ ನೋಡಿ ಮಾವ, ಬರಬಹುದು,” ಎಂದರೆ, “ಬೇಡಮ್ಮ, ನಂದೇನಿದೆ ಅದರಲ್ಲಿ,” ಎಂದರು. ಗಡ್ಡ ಮೂರು ದಿನಕ್ಕೊಮ್ಮೆಯಾಯಿತು. ಮೊಮ್ಮಗಳನ್ನು ಟೀಚರಮ್ಮ ಎಂದು ಕರೆಯುವುದು ನಿಂತಿತು. ಅವಳಿಗೆ ಬೇಸರವಾಗದಿರಲಿ ಎಂದು, ಇಂಟರ್‌ನೆಟ್‌ನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮಗಳಿಗೋ ಮಾತಾಡಿದರೆ ಎಲ್ಲಿ ಬಾಯಿತಪ್ಪಿ ಬಂದೀತೋ ಎಂಬ ಭಯ. ಹೀಗೆ ತಾತ ಮೊಮ್ಮಗಳಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಬೇರೆ ಬೇರೆ ಕಡೆ ನೋಡುತ್ತಿದ್ದರು.

ಮುಂದಿನ ವಾರದ ನಡುವೆ ಮೇಲ್ವಿಚಾರಕಿ ಮತ್ತೆ ಕರೆ ಮಾಡಿದಳು. ಈ ಸಲ ದನಿ ಮೆತ್ತಗಿತ್ತು.

“ಫೈಲ್ ತಡ ಆಗ್ತಿದ್ದುದಕ್ಕೆ ನಿಮ್ಮನ್ನ ಅಂದೆ. ಎಲ್ಲರದ್ದೂ ತಡ ಆಗಿತ್ತಂತೆ. ನಮ್ಮ ಕಡೆ ಯಂತ್ರದ್ದೇ ತೊಂದರೆ, ಈಗ ಸರಿ ಮಾಡಿಸಿದ್ದೀವಿ. ಎಣ್ಣೆ ವಿಷಯ ಮಾತ್ರ ನಿಮ್ಮದೇ, ನೋಡ್ಕೊಳ್ಳಿ.”

“ಸರಿ ಮೇಡಂ,” ಎಂದಳು ಸೊಸೆ. ಆಮೇಲೆ ಗೋಡೆಗೆ ಸರಿಸಿದ್ದ ಖಾಲಿ ಸ್ಟೂಲಿನ ಕಡೆ ನೋಡಲಾಗದೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ತಡಕ್ಕೆ ಮಾವ ಕಾರಣರೇ ಅಲ್ಲ. ಎಣ್ಣೆಯ ಎರಡು ಹನಿಗೆ ಕಾರಣ ಹೌದು. ಆದರೆ ಅದಕ್ಕೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವರು ದನಿ ತಗ್ಗಿಸುತ್ತಿದ್ದರು.

ಹೇಳಬೇಕು, ಇವತ್ತು ಹೇಳಬೇಕು ಎಂದು ಅವಳು ಎರಡು ದಿನ ಮಾವನ ಕೋಣೆಯ ಬಾಗಿಲವರೆಗೆ ಹೋಗಿ, “ಟೀ ಬೇಕಾ ಮಾವ?” ಎಂದು ಕೇಳಿ ವಾಪಸ್ ಬಂದಳು. ಆ ಎರಡು ದಿನ ಮಾವ ಲೆಕ್ಕಕ್ಕಿಂತ ಹೆಚ್ಚು ಟೀ ಕುಡಿದರು.

ಶನಿವಾರ ಹನ್ನೊಂದರ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನಡುವಯಸ್ಸಿನ ಒಬ್ಬ ಹೆಂಗಸು, ಹೆಗಲ ಮೇಲೆ ಗೋಣಿಚೀಲ. ಅದರೊಳಗೆ ಏನೋ ಭಾರದ್ದು. ಒಂದು ಕಡೆಗೆ ವಾಲಿಕೊಂಡೇ ನಿಂತಿದ್ದಳು.

“ಮೇಸ್ತ್ರಿ ಮನೆ ಇದೇ ಅಲ್ವಾ?” ಎಂದಳು. ಆಮೇಲೆ ದನಿ ತಗ್ಗಿಸಿ, “ಅವರು... ಇದ್ದಾರಾ?” ಎಂದು ಕೇಳಿದಳು.

ಕೇಳಿದ ರೀತಿಯಲ್ಲೇ ಸೊಸೆಗೆ ಅರ್ಥವಾಯಿತು, ‘ಮನೆಯಲ್ಲಿದ್ದಾರಾ’ ಎಂದಲ್ಲ ಆ ಹೆಂಗಸು ಕೇಳಿದ್ದು.

“ಇದ್ದಾರೆ, ಹುಷಾರಾಗಿದ್ದಾರೆ. ಬನ್ನಿ,” ಎಂದಳು.

ಮಾವನನ್ನು ಕಂಡದ್ದೇ ಆ ಹೆಂಗಸು ಚೀಲವನ್ನು ನೆಲಕ್ಕಿಳಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳಂತೆ. ಈಗ ಮನೆಯಲ್ಲೇ ಟೈಲರ್.

“ಹನ್ನೆರಡು ದಿನ ಆಯ್ತು ಅಣ್ಣ, ನಿಮ್ಮ ದನಿ ಇಲ್ಲ. ದಿನಾ ಎಂಟು ಗಂಟೆಗೆ ಬರ್ತಿದ್ದೋರು ಎಲ್ಲಿ ಹೋದ್ರು ಅಂತ ಗುಂಪಲ್ಲಿ ಎಲ್ಲರೂ ಕೇಳಿದ್ದೇ ಕೇಳಿದ್ದು. ನಿಮ್ಮ ಬಟನ್ ಫೋನಿಗೆ ಎಷ್ಟು ಸಲ ಮಾಡಿದ್ರೂ ಸಿಗಲಿಲ್ಲ. ಕೊನೆಗೆ ಹಳೇ ವಾಚ್‌ಮನ್‌ನ ಹುಡುಕಿ ಅಡ್ರೆಸ್ ತಗೊಂಡೆ. ಏನೋ ಆಗಿದೆ ಅಂತಾನೇ ಬಂದೆ ನಾನು.”

“ಏನೂ ಆಗಿಲ್ಲ ತಾಯಿ, ಕೂತ್ಕೋ. ಇದೇನು ಹೊತ್ಕೊಂಡು ಬಂದಿದ್ದೀಯ?”

“ನನ್ನ ಮೆಷಿನ್ ತಲೆ. ನಿಮಗೆ ಸದ್ದು ಕಳಿಸಿದ್ದೆ, ನೆನಪಿದೆಯಾ? ‘ನಾಳೆ ಬೆಳಿಗ್ಗೆ ಸರಿಯಾಗಿ ಕೇಳಿ ಹೇಳ್ತೀನಿ, ಬೇರೆ ಯಾರ ಕೈಲೂ ಬಿಚ್ಚಿಸಬೇಡ’ ಅಂದಿದ್ರಿ. ಕಾದೆ. ಶಾಲೆ ಮಕ್ಕಳ ಯೂನಿಫಾರ್ಮ್ ನಲವತ್ತು ಜೊತೆ ಇತ್ತು. ಇಪ್ಪತ್ತನ್ನ ಪಕ್ಕದ ಮನೆ ಮೆಷಿನ್‌ನಲ್ಲಿ ಹೊಲಿದೆ. ಉಳಿದಿದ್ದು ಬೇರೆಯವರಿಗೆ ಹೋಯ್ತು.”

ಮಾವನ ಮುಖ ಸಣ್ಣದಾಯಿತು. ಎದುರಿಗೆ ನಿಂತ ಹೆಂಗಸಿಗೆ ತಲೆ ತಗ್ಗಿಸಿ ಹೇಳಿದರು: “ತಪ್ಪಾಯ್ತಮ್ಮ. ಮಾತು ಕೊಟ್ಟು ನಿನ್ನನ್ನ ಕಾಯಿಸಿದೆ. ಫೋನ್ ಸರಿ ಇತ್ತು, ನನಗೇ ಅದನ್ನ ನಡೆಸೋಕೆ ಬರಲಿಲ್ಲ. ವಯಸ್ಸಾಯ್ತು, ತಲೆ ಮೊದಲಿನ ಹಾಗೆ ಓಡ್ತಿಲ್ಲ. ಗುಂಪಿನಲ್ಲಿ ಹೇಳಿಬಿಡು, ಮೇಸ್ತ್ರಿನ ಇನ್ನು ನೆಚ್ಕೋಬೇಡಿ ಅಂತ.”

“ಅವರಿಗೆ ಬರತ್ತೆ,” ಎಂದಳು ಸೊಸೆ.

ಇಬ್ಬರೂ ಅವಳ ಕಡೆ ತಿರುಗಿದರು. ಮಗಳು ಒಳಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಸೊಸೆಯ ಕೈಯಲ್ಲಿ ನೀರಿನ ಲೋಟವಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಳು.

“ನಿಮಗೆ ಬರತ್ತೆ ಮಾವ. ನೀವು ಮಾಡಿದ್ದೆಲ್ಲ ಸರಿಯಾಗೇ ಇತ್ತು. ಕಂಪ್ಯೂಟರ್‌ನಲ್ಲಿ ನಾನೇ ತಡೆದಿದ್ದೆ. ಬೇಕು ಅಂತ. ನೀವು ಕೇಳಿದಾಗ ಗೊತ್ತಿಲ್ಲ ಅಂದೆ. ಅವಳು ಏನೂ ಒತ್ತಿರ್ಲಿಲ್ಲ. ನನ್ನ ತಪ್ಪನ್ನ ಅವಳು ತನ್ನ ಮೇಲೆ ಹಾಕ್ಕೊಂಡ್ಳು, ನಾನು ಸುಮ್ಮನಿದ್ದೆ.”

ಟೈಲರ್ ಹೆಂಗಸು ಚೀಲದ ಬಾಯಿಯ ದಾರ ಬಿಚ್ಚುವ ನೆಪದಲ್ಲಿ ಬಗ್ಗಿದಳು. “ಎಲ್ಲರ ಮನೇಲೂ ಇರೋದೇ ಬಿಡಿ,” ಎಂದಳು ಮೆಲ್ಲಗೆ. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಮಾವ ಸೊಸೆಯನ್ನು ನೋಡಿದರು. ಕೋಪ ಬರುತ್ತದೆಂದು ಅವಳು ಕಾದಿದ್ದಳು. ಬರಲಿಲ್ಲ.

“ನನ್ನಿಂದ ಅಷ್ಟು ತೊಂದರೆ ಆಗ್ತಿತ್ತಾ ನಿನಗೆ?” ಎಂದು ಕೇಳಿದರು.

ಅವಳು ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು.

“ಹೇಳಬಾರದಿತ್ತಾ?” ಎಂದರು. ಆಮೇಲೆ ಟೈಲರ್ ಹೆಂಗಸಿಗೆ, “ಇಲ್ಲಿ ಇಡು ಅದನ್ನ. ಹಳೇ ಪೇಪರ್ ಹಾಸು, ನೆಲಕ್ಕೆ ಎಣ್ಣೆ ಆಗತ್ತೆ,” ಎಂದು ಸ್ಕ್ರೂಡ್ರೈವರ್ ತರಲು ಎದ್ದರು.

ಮಧ್ಯಾಹ್ನ ಎರಡರವರೆಗೆ ಅವರು ನೆಲದ ಮೇಲೆ ಕೂತು ಮೆಷಿನ್ ಬಿಚ್ಚಿ ಕಟ್ಟಿದರು. ಸೊಸೆ ಊಟ ಬಡಿಸಿದಳು. ಬ್ರೆಡ್, ಮೊಟ್ಟೆ, ಬೇಯಿಸಿದ ಹುರುಳಿಕಾಯಿ. ಇದ್ದುದರಲ್ಲಿ ದಿಢೀರನೆ ಮಾಡಿದ್ದು. ಮಾವ ಉಂಡರು. “ಉಪ್ಪು ಕೊಡು,” ಎಂದದ್ದು ಬಿಟ್ಟರೆ ಅವಳೊಡನೆ ಮಾತಾಡಲಿಲ್ಲ. ಟೈಲರ್ ಹೆಂಗಸು ಹೊರಟಾಗ ಗೇಟಿನವರೆಗೆ ತಾವೇ ಚೀಲ ಹೊತ್ತರು.

ಸಂಜೆ ಗಂಡ ಬಂದಾಗ ಅವಳೇ ಹೇಳಿದಳು, ಅವನು ಕೈಕಾಲು ತೊಳೆಯುವ ಮೊದಲೇ.

ಗಂಡ ಕೂಗಾಡುತ್ತಾನೆ ಅಂದುಕೊಂಡಿದ್ದಳು. ಅವನು ಟವೆಲ್ ಹಿಡಿದು ನಿಂತೇ ಇದ್ದ. “ಅಂದ್ರೆ, ನಾನು ಮಗೂನ ಬೈತಿದ್ದಾಗ ನೀನು ನನಗೆ ಅನ್ನ ಬಡಿಸ್ತಿದ್ದೆ,” ಎಂದ.

“ಹೂಂ.”

“ಎಲ್ಲಾ ಗೊತ್ತಿದ್ದೂ.”

“ಹೂಂ.”

ಅವನು ಮಗಳ ಹತ್ತಿರ ಹೋಗಿ ಪಕ್ಕದಲ್ಲಿ ಕೂತ. “ನಿನ್ನನ್ನ ಸುಮ್ಮಸುಮ್ಮನೆ ಬೈದೆ ಕಣೇ. ತಪ್ಪಾಯ್ತು. ಕಂಪ್ಯೂಟರ್ ನೋಡ್ಕೋ ನೀನು.”

“ಅಮ್ಮನಿಗೆ ಕೆಲಸ ಇದೆಯೇನೋ, ಕೇಳಿ ನೋಡ್ತೀನಿ,” ಎಂದಳು ಮಗಳು. ಅವಳು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಸೊಸೆಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಗಂಡ ಒಂದು ಸಿಮ್ ತಂದು ಅಪ್ಪನ ಆ ಹಳೆಯ ಫೋನಿಗೆ ಹಾಕಿದ. “ಯಾರ ಹಂಗೂ ಬೇಡ ಅಪ್ಪ ನಿನಗೆ. ಗೇಟಿನ ಹತ್ರ ಸಿಗ್ನಲ್ ಬರತ್ತೆ,” ಎಂದ. ಅಂದಿನಿಂದ ಮಾವ ಬೆಳಿಗ್ಗೆ ಎಂಟಕ್ಕೆ ಗಡ್ಡ ಬೋಳಿಸಿ, ಅಂಗಿ ಹಾಕಿಕೊಂಡು, ಗೇಟಿನ ಕಂಬಕ್ಕೆ ಒರಗಿ ನಿಲ್ಲತೊಡಗಿದರು. ರಸ್ತೆಯ ಲಾರಿಗಳ ಗದ್ದಲದಲ್ಲಿ ಮೆಷಿನ್‌ನ ಸದ್ದು ಕೇಳಿಸದೆ, ಫೋನನ್ನು ಒಂದು ಕಿವಿಗೊತ್ತಿ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು.

“ಯಾಕೆ ಅಜ್ಜ, ಬಿಸಿಲಲ್ಲಿ ನಿಂತಿದ್ದೀರಿ?” ಎಂದು ಎದುರುಮನೆಯವರು ಕೇಳುವುದು ಕಿಟಕಿಯಿಂದ ಒಳಗೆ ಬರುತ್ತಿತ್ತು.

“ಒಳಗೆ ಸಿಗ್ನಲ್ ಇಲ್ಲ,” ಎನ್ನುತ್ತಿದ್ದರು ಮಾವ. ಸೊಸೆಯ ಹೆಸರೆತ್ತುತ್ತಿರಲಿಲ್ಲ. ಒಳಗೆ ಅವಳು ಪೆಡಲ್ ಮೇಲೆ ಕಾಲಿಟ್ಟುಕೊಂಡು ಅದನ್ನು ಒತ್ತದೆ ಕೂತಿರುತ್ತಿದ್ದಳು. ಮೂಲೆಯೀಗ ಅವಳು ಬಯಸಿದಷ್ಟು ಸದ್ದಿಲ್ಲದೆ ಇತ್ತು.

ಮೂರನೆಯ ವಾರ ಒಂದು ಬೆಳಿಗ್ಗೆ ಅವಳು ಹೆಡ್‌ಫೋನ್ ತೆಗೆದಿಟ್ಟು ಗೇಟಿಗೆ ಹೋದಳು. ಎದುರುಮನೆಯವರು ಬಟ್ಟೆ ಒಣಗಿಸುತ್ತಿದ್ದರು. ಅವರಿಗೆ ಕೇಳಿಸುತ್ತದೆಂದು ಗೊತ್ತಿದ್ದೂ ಅವಳು ದನಿ ತಗ್ಗಿಸಲಿಲ್ಲ.

“ಒಳಗೆ ಬನ್ನಿ ಮಾವ. ನಿಮ್ಮನ್ನ ಹೊರಗೆ ನಿಲ್ಲಿಸಿದ್ದು ನಾನು. ನನಗೆ ನಾಚಿಕೆ ಆಗ್ತಿದೆ.”

“ನಿನ್ನ ನಾಚಿಕೆ ಹೋಗ್ಲಿ ಅಂತ ನಾನು ಬರಬೇಕಾ?” ಎಂದರು ಮಾವ.

ಎದುರುಮನೆಯವರು ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ಮಾವ ಕಂಬ ಬಿಟ್ಟು ಸರಿಯಾಗಿ ನಿಂತರು. “ಕೇಳಿಲ್ಲಿ. ನೀನು ಇಂಟರ್‌ನೆಟ್ ನಿಲ್ಲಿಸಿದ್ದಕ್ಕೆ ನನಗೆ ಬೇಜಾರಿಲ್ಲ. ಅದು ನೀನು ದುಡಿಯೋ ಜಾಗ. ಬೇಡ ಅಂದಿದ್ರೆ ಒಂದು ದಿನ ಮುಖ ಊದಿಸ್ಕೊಂಡು ಇರ್ತಿದ್ದೆ, ಆಮೇಲೆ ಸರಿ ಹೋಗ್ತಿದ್ದೆ. ಆದ್ರೆ ಹನ್ನೆರಡು ದಿನ ನನಗೆ ಮರೆವು ಬಂದಿದೆ ಅಂತ ನಾನೇ ನಂಬಿದ್ದೆ. ನನ್ನಪ್ಪನಿಗೂ ಹೀಗೇ ಶುರುವಾಗಿತ್ತು ಅಂತ ಲೆಕ್ಕ ಹಾಕ್ತಿದ್ದೆ. ಅದನ್ನ ನೀನು ನೋಡ್ತಾ ಇದ್ದೆ.”

“ನೋಡ್ತಾ ಇದ್ದೆ,” ಎಂದಳು ಅವಳು. ಬೇರೆ ಏನು ಹೇಳಿದರೂ ಅದು ನೆಪವಾಗುತ್ತಿತ್ತು.

“ಬರ್ತೀನಿ. ಆದ್ರೆ ದಿನಾ ಬಂದು ಕೇಳ್ತೀನಿ, ಕೂರ್ಲಾ ಅಂತ. ಆಗದ ದಿನ ಆಗಲ್ಲ ಅನ್ನಬೇಕು. ನನ್ನ ಮುಖ ನೋಡಿ ಅನ್ನಬೇಕು.”

“ಅಂತೀನಿ ಮಾವ.”

ಮರುದಿನದಿಂದ ಎಂಟು ಗಂಟೆಗೆ ಮಾವ ಮೇಜಿನಿಂದ ಎರಡಡಿ ದೂರ ನಿಂತು, “ಕೂರ್ಲಾ?” ಎಂದು ಕೇಳುವರು. ಅವಳು ಮುಖ ಕೆಂಪಾಗಿಸಿಕೊಂಡು, “ಕೂತ್ಕೊಳ್ಳಿ ಮಾವ,” ಎನ್ನುವಳು. ಕೆಲಸ ರಾಶಿ ಬಿದ್ದಿದ್ದರೂ ಹಾಗೇ ಎನ್ನುವಳು. ಬೇಡ ಎನ್ನುವ ಹಕ್ಕು ತನಗೆ ಉಳಿದಿಲ್ಲ ಎನ್ನಿಸುತ್ತಿತ್ತು ಅವಳಿಗೆ. ಮಾವ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದರು. ಮಾತಾಡಬೇಕಾದಾಗ ಅವಳು ಪೆಡಲ್ ಬಿಡುವವರೆಗೆ ಕಾಯುತ್ತಿದ್ದರು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬುಧವಾರ, ತುರ್ತು ಚಿಕಿತ್ಸೆಯ ವಿಭಾಗದಿಂದ ನಲವತ್ತೊಂದು ಧ್ವನಿಮುದ್ರಣಗಳು ಒಟ್ಟಿಗೆ ಬಂದವು. ಮಾತಾಡಿದ ಡಾಕ್ಟರು ಬಾಯಲ್ಲಿ ಏನೋ ಅಗಿಯುತ್ತಲೇ ಹೇಳಿದಂತಿತ್ತು. ಅವಳು ಮೊದಲನೆಯದನ್ನು ಕೇಳುತ್ತಿರುವಾಗಲೇ ಎಂಟು ಗಂಟೆಯಾಯಿತು.

“ಕೂರ್ಲಾ?”

ಕೂತ್ಕೊಳ್ಳಿ ಎಂಬುದು ಬಾಯಿಗೆ ಬಂದಿತ್ತು. ಅವಳು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, ತಿರುಗಿ, ಮಾವನ ಮುಖ ನೋಡಿದಳು. ಕೆನ್ನೆಯಲ್ಲಿ ಬ್ಲೇಡು ತಗುಲಿದ ಸಣ್ಣ ಗಾಯ ಕಂಡಿತು. ಬೇಗ ಬರಲೆಂದು ಆತುರದಲ್ಲಿ ಬೋಳಿಸಿಕೊಂಡಿದ್ದರು.

“ಇವತ್ತು ಬೆಳಿಗ್ಗೆ ಆಗಲ್ಲ ಮಾವ,” ಎಂದಳು. “ಕೆಲಸ ಬಹಳ ಇದೆ. ಎರಡು ಗಂಟೆಗೆ ಬನ್ನಿ.”

ಮಾವನ ಮುಖ ಬಾಡಿತು. ಅದನ್ನು ಅವರು ಮುಚ್ಚಿಡಲಿಲ್ಲ. ಅವಳೂ ಕಣ್ಣು ತಪ್ಪಿಸಲಿಲ್ಲ.

“ಸರಿ,” ಎಂದರು. ಒಳಗೆ ಹೋಗಿ ಹುರುಳಿಕಾಯಿ ಬುಟ್ಟಿ ಎತ್ತಿಕೊಂಡು ಕೂತು ನಾರು ತೆಗೆಯತೊಡಗಿದರು. ಒಂದಿಷ್ಟು ಬಿರುಸಾಗಿಯೇ.

ಎರಡು ಗಂಟೆಗೆ ಅವಳು ತಾನೇ ಸ್ಟೂಲ್ ಹಾಕಿ ಕರೆದಳು. ಮಾವ ಫೋನ್ ಹಿಡಿದು ಬಂದು ಕೂತು, “ಹಾಕಿದ್ದೀಯಾ?” ಎಂದು ಕೇಳಿದರು.

“ಹಾಕಿದ್ದೀನಿ. ನೀವೇ ನೋಡಿ,” ಎಂದು ಅವಳು ಆ ಚೌಕವನ್ನು ತೆರೆದು, ಕಂಪ್ಯೂಟರಿನ ಪರದೆಯನ್ನು ಎರಡೂ ಕೈಯಿಂದ ಅವರ ಕಡೆ ತಿರುಗಿಸಿದಳು. ಬೇಡ ಬಿಡು ಎನ್ನುತ್ತಾರೆ ಅಂದುಕೊಂಡಳು.

ಮಾವ ಹಾಗೆನ್ನಲಿಲ್ಲ. ಕನ್ನಡಕ ಹಾಕಿಕೊಂಡು, ಮುಂದೆ ಬಗ್ಗಿ, ಟಿಕ್ ಇದೆಯೋ ಇಲ್ಲವೋ ಎಂದು ನಿಜವಾಗಿಯೂ ನೋಡಿದರು. ಅವರು ನೋಡಿ ಮುಗಿಸುವವರೆಗೂ ಅವಳು ಪರದೆಯನ್ನು ಹಾಗೇ ಹಿಡಿದುಕೊಂಡಿದ್ದಳು.